ಪಾಗಾರದ ಸಂದಿಯ ಜಿಯೋಕ್ಯಾಶ್: ಮಳೆಗಾಲಕ್ಕೆ ತಡೆಯುವ ಡಬ್ಬಿಯ ತಯಾರಿ

ಉಡುಪಿ ಬಳಿಯ ಪರ್ಕಳದಿಂದ ಸ್ವರ್ಣಾ ನದಿಯ ಕಡೆಗೆ ಇಳಿಯುವ ದಾರಿಯ ಬದಿಯಲ್ಲಿ, ಮರಗಳು ಬೆಳೆದ ಖಾಸಗಿ ಹಾಡಿಯೊಂದರ ಹಳೆಯ ಮುರಕಲ್ಲಿನ (ಲ್ಯಾಟರೈಟ್) ಪಾಗಾರದ, ಅಂದರೆ ಆವರಣ ಗೋಡೆಯ, ಒಳಗೆ ಇಟ್ಟಿರುವ ನನ್ನ ಜಿಯೋಕ್ಯಾಶ್ ಈ ಸಲದ ಆಟಿ ತಿಂಗಳ ಮಳೆಯನ್ನು ದಾಟಿದೆ. ಅದರ ಒಳಗಿನ ಚೀಟಿ ಇನ್ನೂ ಗರಿಗರಿಯಾಗಿದೆ. ಇದಕ್ಕಿಂತ ಮೊದಲು ಮಾಡಿದ ಮಾದರಿಗಳೆಲ್ಲ ಒಂದಲ್ಲ ಒಂದು ರೀತಿಯಲ್ಲಿ ನೀರು ಕುಡಿದವು ಅಥವಾ ಬಳಸಲು ಬಾರದಂತಾದವು. ಯಾವುದು ಏಕೆ ಕೆಟ್ಟಿತು, ಉಳಿದದ್ದು ಏಕೆ ಉಳಿಯಿತು ಎಂಬುದನ್ನು ಅಳತೆ, ಖರ್ಚುಗಳ ಸಹಿತ ಇಲ್ಲಿ ದಾಖಲಿಸುತ್ತಿದ್ದೇನೆ.

ಜಿಯೋಕ್ಯಾಶಿಂಗ್ ಎಂಬ ಈ ಹವ್ಯಾಸದ ಪರಿಚಯ ಇಲ್ಲದವರಿಗೆ ಎರಡು ಮಾತು. ಒಬ್ಬರು ಒಂದು ಡಬ್ಬಿಯನ್ನು ಎಲ್ಲಿಯಾದರೂ ಅಡಗಿಸಿಟ್ಟು ಅದರ ಅಕ್ಷಾಂಶ, ರೇಖಾಂಶಗಳನ್ನು ಈ ಆಟದ ಜಾಲತಾಣದಲ್ಲಿ ಪ್ರಕಟಿಸುತ್ತಾರೆ. ಉಳಿದವರು ಜಿಪಿಎಸ್ ಹಿಡಿದು ಹುಡುಕಿ, ಒಳಗಿನ ಚೀಟಿಯಲ್ಲಿ ಹೆಸರು ಮತ್ತು ತಾರೀಕು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಹೋಗುತ್ತಾರೆ. ನಾಗರಿಕರ ಜಿಪಿಎಸ್ ಸಂಕೇತದಲ್ಲಿ ಅಮೆರಿಕ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು 2000ದ ಮೇ 2ರಂದು ನಿಲ್ಲಿಸಿತು. ಮರುದಿನವೇ ಡೇವ್ ಅಲ್ಮರ್ ಎಂಬವರು ಆರೆಗಾನ್ ರಾಜ್ಯದ ಕಾಡಿನಲ್ಲಿ ಮೊದಲ ಡಬ್ಬಿಯನ್ನು ಇಟ್ಟರು. ಅದು ಅರ್ಧ ನೆಲದಲ್ಲಿ ಹೂತ ಒಂದು ಕಪ್ಪು ಬಕೆಟ್ ಆಗಿತ್ತು. ನೆಲವನ್ನು ಅಗೆಯಬಾರದು ಎಂಬುದು ಈಗಿನ ಮುಖ್ಯ ನಿಯಮಗಳಲ್ಲಿ ಒಂದಾದುದರಿಂದ, ಇಂದು ಅದೇ ಬಕೆಟನ್ನು ಸಲ್ಲಿಸಿದ್ದರೆ ಸುಲಭದಲ್ಲಿ ಒಪ್ಪಿಗೆ ಸಿಗುತ್ತಿರಲಿಲ್ಲ.

ಹಂತ 1: ಜಾಗ ಮತ್ತು ಒಪ್ಪಿಗೆ (ಫೆಬ್ರವರಿ)

ಮಲ್ಪೆಯ ಕಡಲತೀರವನ್ನು ಮೊದಲೇ ಕೈಬಿಟ್ಟೆ, ಏಕೆಂದರೆ ಅಲ್ಲಿ ಮರಳು ನಿಂತಲ್ಲಿ ನಿಲ್ಲುವುದಿಲ್ಲ, ಜನರೂ ತಪ್ಪುವುದಿಲ್ಲ. ಕಾಪುವಿನಲ್ಲಿ 1901ರ ದೀಪಸ್ತಂಭ ನಿಂತಿರುವ ಬಂಡೆ ನೋಡಲು ಚೆಂದವೇ ಆದರೂ, ಮಳೆಗಾಲದಲ್ಲಿ ಅಲೆ ಬಡಿಯುವ ಬಂಡೆಯ ಸಂದಿಗೆ ಕೈಹಾಕಿರೆಂದು ಅಪರಿಚಿತರನ್ನು ಕರೆಯುವುದು ನನಗೆ ಸರಿಕಾಣಲಿಲ್ಲ. ನಾಗಬನ ಮತ್ತು ದೈವಸ್ಥಾನಗಳ ಆವರಣ ಸುತರಾಂ ಬೇಡ. ಹೊರಗಿನಿಂದ ಬಂದವರ ಕಣ್ಣಿಗೆ ನಾಗಬನವು ಮರಗಳು ದಟ್ಟವಾಗಿ ಬೆಳೆದ, ಜನಸಂಚಾರವಿಲ್ಲದ ಒಳ್ಳೆಯ ಜಾಗದಂತೆ ಕಾಣುವುದರಿಂದ, ಇಲ್ಲಿಗೆ ಬಂದು ಡಬ್ಬಿ ಇಡಲು ಹೊರಡುವವರಿಗೆ ಈ ಮಾತನ್ನು ಒತ್ತಿ ಹೇಳಬೇಕಾಗುತ್ತದೆ.

ಕೊನೆಗೆ ಒದಗಿದ್ದು ಸ್ನೇಹಿತನ ದೊಡ್ಡಮ್ಮನ ಹಾಡಿ. ಪಾಗಾರಕ್ಕೆ ಗಿಲಾವು ಇಲ್ಲ. ಒಂದು ಕಡೆ ಕಲ್ಲೊಂದು ಬಿದ್ದುಹೋಗಿ ಎದೆಮಟ್ಟದಲ್ಲಿ ಸುಮಾರು 18 ಸೆಂ.ಮೀ. ಎತ್ತರದ ಗೂಡು ಉಂಟಾಗಿದೆ. ಗೂಡಿನ ಹಿಂಬದಿ ಮುಚ್ಚಿದ್ದು ಹೊರಗಿನಿಂದ ಪೂರ್ತಿ ಕಾಣುತ್ತದೆ ಎಂಬುದೇ ಅದನ್ನು ಆರಿಸಲು ಮುಖ್ಯ ಕಾರಣ. ಹಾವು, ಚೇಳುಗಳು ಮುರಕಲ್ಲಿನ ಸಂದಿಗಳಲ್ಲಿ ಸೇರಿಕೊಳ್ಳುವ ಊರಿದು; ಕಣ್ಣಿಗೆ ಕಾಣದ ಜಾಗಕ್ಕೆ ಕೈತೂರಿಸುವಂತೆ ಡಬ್ಬಿಯನ್ನು ಇಡಬಾರದು.

ಆಟವನ್ನು ವಿವರಿಸಿದಾಗ ದೊಡ್ಡಮ್ಮ, “ಅದರೊಳಗೆ ಎಂಥ ಉಂಟು?” ಎಂದು ಕೇಳಿದರು.

“ಒಂದು ಚೀಟಿ, ಒಂದು ಪೆನ್ಸಿಲ್ ತುಂಡು, ಅಷ್ಟೇ ದೊಡ್ಡಮ್ಮ.”

“ಅಷ್ಟಕ್ಕೆ ಜನ ಬರ್ತಾರಾ ಮಾರಾಯ?”

ಬರುತ್ತಾರೆ ಎಂದು ನಂಬಿಸಲು ಸ್ವಲ್ಪ ಹೊತ್ತು ಹಿಡಿಯಿತು. ಯಾರೂ ನೆಲ ಅಗೆಯಬಾರದು, ಕತ್ತಲಾದ ಮೇಲೆ ಬರಬಾರದು, ತಡಮೆ ದಾಟಿ ಒಳಗೆ ಕಾಲಿಡಬಾರದು ಎಂಬ ಮೂರು ಷರತ್ತುಗಳ ಮೇಲೆ ಒಪ್ಪಿದರು. ಅವನ್ನು ಹಾಗೆಯೇ ಕ್ಯಾಶ್‌ನ ವಿವರಣೆಯಲ್ಲಿ ಸೇರಿಸಿದ್ದೇನೆ. ಅಕ್ಕಪಕ್ಕದ ಮನೆಗಳಿಗೂ ಹೋಗಿ ತಿಳಿಸಿ ಬಂದೆ, ಏಕೆಂದರೆ ಪಾಗಾರದ ಬಳಿ ಮೊಬೈಲ್ ಹಿಡಿದು ಸುತ್ತುವ ಅಪರಿಚಿತನನ್ನು ಕಂಡರೆ ಮೊದಲು ಪ್ರಶ್ನೆ ಮಾಡುವವರು ಅವರೇ.

ಹಂತ 2: ಡಬ್ಬಿ (ಮಾರ್ಚ್‌ನಿಂದ ಜೂನ್‌ವರೆಗೆ)

ಮೊದಲ ಮಾದರಿ, ನಾಲ್ಕೂ ಕಡೆ ಲಾಕ್ ಇರುವ, ಮುಚ್ಚಳಕ್ಕೆ ರಬ್ಬರ್ ಅಂಚಿರುವ ಒಂದು ಲೀಟರಿನ ಪ್ಲಾಸ್ಟಿಕ್ ಡಬ್ಬಿ. ಬಕೆಟಿನ ನೀರಿನಲ್ಲಿ ರಾತ್ರಿಯಿಡೀ ಮುಳುಗಿಸಿಟ್ಟರೂ ಒಂದು ಹನಿ ಒಳಗೆ ಬರಲಿಲ್ಲ. ಅದೇ ಡಬ್ಬಿಯನ್ನು ಏಪ್ರಿಲಿನ ಬಿಸಿಲಿನಲ್ಲಿ ಅಂಗಳದಲ್ಲಿಟ್ಟು ಸಂಜೆಗೊಮ್ಮೆ ಪೈಪಿನಿಂದ ನೀರು ಬಿಡುತ್ತ ಬಂದಾಗ, ವಾರ ಕಳೆಯುವುದರೊಳಗೆ ತಳದಲ್ಲಿ ನೀರು ನಿಂತಿತ್ತು. ಬಕೆಟಿನಲ್ಲಿ ಸೋಲದ ಡಬ್ಬಿ ಅಂಗಳದಲ್ಲಿ ಏಕೆ ಸೋತಿತು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ ಮೇಲೆಯೇ ಉಳಿದ ಕೆಲಸವೆಲ್ಲ ದಾರಿಗೆ ಬಂತು.

ಡಬ್ಬಿ ಉಸಿರಾಡುತ್ತದೆ. ಒಳಗಿನ ಗಾಳಿ 27 ಡಿಗ್ರಿಯಿಂದ 45 ಡಿಗ್ರಿ ಸೆಲ್ಸಿಯಸ್‌ಗೆ ಬಿಸಿಯಾದರೆ ಸುಮಾರು ಶೇಕಡಾ 6ರಷ್ಟು ಹಿಗ್ಗುತ್ತದೆ. ಒಂದು ಲೀಟರಿನ ಡಬ್ಬಿಯಲ್ಲಿ ಅದು 60 ಮಿ.ಲೀ. ಆಯಿತು. ಹಿಗ್ಗಿದ ಗಾಳಿ ರಬ್ಬರಿನ ಅಂಚನ್ನು ಸರಿಸಿಕೊಂಡು ಹೊರಗೆ ಹೋಗುತ್ತದೆ. ಹಠಾತ್ತನೆ ಮಳೆ ಬಿದ್ದು ಡಬ್ಬಿ ತಣ್ಣಗಾದಾಗ ಅಷ್ಟೇ ಗಾಳಿ ಒಳಗೆ ಬರಬೇಕು, ಆದರೆ ಆ ಹೊತ್ತಿಗೆ ಮುಚ್ಚಳದ ಅಂಚಿನ ಸುತ್ತ ನೀರು ನಿಂತಿರುವುದರಿಂದ ಗಾಳಿಯ ಬದಲು ನೀರೇ ಒಳಗೆ ಎಳೆಯಲ್ಪಡುತ್ತದೆ. ಬಕೆಟಿನ ಪರೀಕ್ಷೆಯಲ್ಲಿ ಬಿಸಿಯಾಗಿ ತಣಿಯುವ ಈ ಓಡಾಟ ಇಲ್ಲದಿದ್ದುದರಿಂದ ಅದು ಯಾವುದನ್ನೂ ತೋರಿಸಲಿಲ್ಲ. ಹಾಗಾಗಿ ಮುಚ್ಚಳವನ್ನು ಇನ್ನಷ್ಟು ಬಿಗಿಮಾಡುವುದಕ್ಕಿಂತ ಅದರ ಅಂಚಿನ ಬಳಿ ನೀರು ನಿಲ್ಲದಂತೆ ನೋಡಿಕೊಳ್ಳುವುದೇ ಮುಖ್ಯ ಎಂದಾಯಿತು. ಡಬ್ಬಿ ಚಿಕ್ಕದಾಗಿ, ನೆರಳಿನಲ್ಲಿ, ಬಾಯಿ ಕೆಳಗಾಗಿ ಇರಬೇಕು.

ಅಷ್ಟು ಅರಿವಾದ ಮೇಲೂ ಅದೇ ಡಬ್ಬಿಯ ಅಂಚಿಗೆ ಪೆಟ್ರೋಲಿಯಂ ಜೆಲ್ಲಿ ಸವರಿ ನೋಡಿದ್ದುಂಟು. ಎರಡು ಸಲ ತೆರೆದು ಮುಚ್ಚುವಷ್ಟರಲ್ಲಿ ಜೆಲ್ಲಿಗೆ ಕೆಂಪು ಹುಡಿಮಣ್ಣು ಹತ್ತಿ, ಕೂರುವ ರಬ್ಬರೂ ಕೂರದಂತಾಯಿತು.

ಸಿಲಿಕಾ ಜೆಲ್ ಪೊಟ್ಟಣ ಹಾಕಿದರೆ ಸಾಲದೇ ಎಂದು ಹಲವರು ಕೇಳುತ್ತಾರೆ. 30 ಡಿಗ್ರಿಯಲ್ಲಿ ಪೂರ್ತಿ ತೇವಗೊಂಡ ಗಾಳಿಯಲ್ಲೂ ಒಂದು ಲೀಟರಿಗೆ ಇರುವ ನೀರು ಸುಮಾರು 0.03 ಗ್ರಾಂ ಮಾತ್ರ. ಹುಡುಕಲು ಬಂದವರ ಬೆರಳಿನಿಂದ ಬೀಳುವ ಒಂದು ಹನಿ ಅದಕ್ಕಿಂತ ಹೆಚ್ಚು, ಸುಮಾರು 0.05 ಗ್ರಾಂ. ಚೀಟಿಯನ್ನು ಕೆಡಿಸುವುದು ಹನಿಗಳೇ ಹೊರತು ತೇವದ ಗಾಳಿ ಅಲ್ಲ. ಹತ್ತಾರು ಹನಿ ಹೀರಿದ ಪೊಟ್ಟಣವಂತೂ ಒದ್ದೆ ಬಟ್ಟೆಯಂತೆ ಚೀಟಿಗೆ ಅಂಟಿಕೊಂಡಿರುತ್ತದೆ. ನಾನು ಅದನ್ನು ಹಾಕಿಲ್ಲ.

ಉಳಿದು ಬಂದದ್ದು ಪೆಟ್ ಪ್ರಿಫಾರ್ಮ್, ಅಂದರೆ ತಂಪು ಪಾನೀಯದ ಬಾಟಲಿಯನ್ನು ಊದುವ ಮೊದಲಿನ ದಪ್ಪ ಗೋಡೆಯ ಕೊಳವೆ. ಬಾಟಲಿ ತಯಾರಿಸುವ ಸಣ್ಣ ಘಟಕವೊಂದರಲ್ಲಿ ಕೇಳಿದಾಗ ಹತ್ತು ಕೊಳವೆಗಳನ್ನು ಮುಚ್ಚಳ ಸಮೇತ 60 ರೂಪಾಯಿಗೆ ಕೊಟ್ಟರು. ಮುಚ್ಚಳ ಸಹಿತ ಉದ್ದ 10.5 ಸೆಂ.ಮೀ., ಒಳಗಿನ ಅಗಲ 20 ಮಿ.ಮೀ., ಹಿಡಿಯುವುದು ಸುಮಾರು 30 ಮಿ.ಲೀ. ಶೇಕಡಾ 6ರ ಲೆಕ್ಕದಲ್ಲಿ ಇದರ ಉಸಿರು 2 ಮಿ.ಲೀ.ಗೂ ಕಡಿಮೆ. ಮುಚ್ಚಳವು ಪಾನೀಯದ ಒತ್ತಡವನ್ನೇ ತಡೆಯುವಂಥದ್ದು. ಪಾರದರ್ಶಕವಾದುದರಿಂದ ಒಳಗೇನಿದೆ ಎಂಬುದು ತೆರೆಯುವ ಮೊದಲೇ ಕಾಣುತ್ತದೆ. ಟೇಪು ಸುತ್ತಿದ ಅನಾಮಧೇಯ ಪೊಟ್ಟಣ ಕಂಡರೆ ಪೊಲೀಸರಿಗೆ ಫೋನು ಹೋಗುವ ಕಾಲದಲ್ಲಿ ಈ ಗುಣವನ್ನು ನಾನು ನೀರು ತಡೆಯುವ ಗುಣದಷ್ಟೇ ದೊಡ್ಡದೆಂದು ಎಣಿಸುತ್ತೇನೆ.

ಪರೀಕ್ಷೆಗೆ ಟಿಶ್ಯೂ ಕಾಗದದ ತುಂಡಿನ ಮೇಲೆ ಮಕ್ಕಳ ಸ್ಕೆಚ್ ಪೆನ್ನಿನಿಂದ ಚುಕ್ಕಿಗಳನ್ನಿಟ್ಟು ಒಳಗೆ ಹಾಕಿದೆ. ಒಂದು ಹನಿ ತಗಲಿದರೂ ಚುಕ್ಕಿ ಹರಡಿಕೊಂಡು ಗೊತ್ತಾಗುತ್ತದೆ. ಜೂನ್ ಮೊದಲ ವಾರದಲ್ಲಿ ಮನೆಯ ಹೆಂಚಿನ ಮಾಡಿನ ಸೂರುನೀರು ಬೀಳುವ ಸಾಲಿನಲ್ಲಿ ಎರಡು ಕೊಳವೆಗಳನ್ನು, ಒಂದು ಬಾಯಿ ಮೇಲಾಗಿ, ಇನ್ನೊಂದು ಬಾಯಿ ಕೆಳಗಾಗಿ, ಕಟ್ಟಿ ನಿಲ್ಲಿಸಿದೆ. ಬಾಯಿ ಮೇಲಾದುದರಲ್ಲಿ ಚುಕ್ಕಿಗಳು ಕೆಲವೇ ದಿನಗಳಲ್ಲಿ ಕದಡಿಹೋದವು, ಅದೂ ಅದೇ ಮುಚ್ಚಳ, ಅದೇ ಬಿಗಿ ಇದ್ದಾಗ. ಬಾಯಿ ಕೆಳಗಾದುದರಲ್ಲಿ ತಿಂಗಳ ಕೊನೆಯವರೆಗೂ ಚುಕ್ಕಿಗಳು ಇಟ್ಟಂತೆಯೇ ಇದ್ದವು.

ಹಂತ 3: ಹೊರಗಿನ ಹೊದಿಕೆ

ಮುರಕಲ್ಲನ್ನೇ ಕೊರೆದು ಅದರೊಳಗೆ ಕೊಳವೆ ಇಡಬೇಕು ಎಂಬುದು ಮೊದಲ ಆಲೋಚನೆಯಾಗಿತ್ತು. ಕಟ್ಟಡ ಕೆಲಸದಲ್ಲಿ ಉಳಿದ ಅರ್ಧ ಕಲ್ಲು ಪುಕ್ಕಟೆಯಾಗಿ ಸಿಕ್ಕಿತು. ಮುರಕಲ್ಲು ಗಣಿಯಿಂದ ತೆಗೆದ ಹೊಸತರಲ್ಲಿ ಮೆದುವಾಗಿದ್ದು ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತ ಹೋಗುತ್ತದೆ. ನನಗೆ ಸಿಕ್ಕಿದ್ದು ವರ್ಷಗಟ್ಟಲೆ ಹೊರಗೆ ಬಿದ್ದಿದ್ದ ಕಲ್ಲು. 10 ಮಿ.ಮೀ. ಬಿಟ್‌ನಿಂದ ವೃತ್ತಾಕಾರದಲ್ಲಿ ತೂತುಗಳನ್ನು ಕೊರೆದು ನಡುವಿನ ಭಾಗವನ್ನು ಉಳಿಯಿಂದ ಬಿಡಿಸುತ್ತ ಹೋದಾಗ, ಬಿಟ್‌ನ ತುದಿ ಸವೆದುಹೋಯಿತು, ಕಲ್ಲು ಒಂದು ಮೂಲೆಯಲ್ಲಿ ಬಿರುಕುಬಿಟ್ಟಿತು. ಬಿರುಕಿಲ್ಲದಿದ್ದರೂ ಆ ಯೋಜನೆ ನಿಲ್ಲುತ್ತಿರಲಿಲ್ಲ: ಕೊರೆದ ಮೇಲೂ ಹತ್ತು ಕಿಲೋಗಿಂತ ಹೆಚ್ಚು ತೂಗುತ್ತಿದ್ದ ಕಲ್ಲನ್ನು ಎದೆಮಟ್ಟದಿಂದ ಇಳಿಸಿ ಮತ್ತೆ ಏರಿಸುವಾಗ ಯಾರದಾದರೂ ಬೆರಳು ಜಜ್ಜುವುದು ಖಂಡಿತ. ಮೇಲಾಗಿ ಮುರಕಲ್ಲು ತೂತುತೂತಾದ ಕಲ್ಲು; ಮೇಲೆ ಸುರಿದ ನೀರು ಒಳಗಿನ ಗುಳಿಯಲ್ಲಿ ತೊಟ್ಟಿಕ್ಕತೊಡಗಿತ್ತು.

ಅದನ್ನು ಬಿಟ್ಟು ಪಿವಿಸಿ ಪೈಪಿಗೆ ಬಂದೆ. ಮೇಲಿನ ತುದಿಗೆ ಎಂಡ್ ಕ್ಯಾಪ್ ಇಟ್ಟು ಸಾಲ್ವೆಂಟ್ ಹಚ್ಚಿ ಮುಚ್ಚಿದೆ, ಕೆಳಗಿನ ತುದಿ ತೆರೆದೇ ಇದೆ. ಒಟ್ಟು ಎತ್ತರ 15.5 ಸೆಂ.ಮೀ. ಕೆಳಗಿನ ಅಂಚಿನಲ್ಲಿ ಹ್ಯಾಕ್ಸಾ ಬ್ಲೇಡಿನಿಂದ ನಾಲ್ಕು ಕಡೆ 12 ಮಿ.ಮೀ. ಎತ್ತರದ ಕಚ್ಚುಗಳನ್ನು ಮಾಡಿರುವುದರಿಂದ, ಗೂಡಿನೊಳಗೆ ನೀರು ಹರಿದು ಬಂದರೂ ನಿಲ್ಲದೆ ಹೊರಗೆ ಹೋಗುತ್ತದೆ. ಅಂಚಿನಿಂದ 25 ಮಿ.ಮೀ. ಮೇಲೆ ಎದುರುಬದುರಾಗಿ ಎರಡು ತೂತು ಕೊರೆದು 4 ಮಿ.ಮೀ. ದಪ್ಪದ ಸ್ಟೈನ್‌ಲೆಸ್ ಕಡ್ಡಿಯನ್ನು ಅಡ್ಡ ತೂರಿಸಿದೆ. ಕೊಳವೆ ಆ ಕಡ್ಡಿಯ ಮೇಲೆ ಬಾಯಿ ಕೆಳಗಾಗಿ ನಿಲ್ಲುತ್ತದೆ. ಕಡ್ಡಿ ಎಳೆದರೆ ಕೊಳವೆ ಕೈಗೆ ಜಾರಿ ಬರುತ್ತದೆ. ಕಡ್ಡಿ ಕಳೆದುಹೋಗದಂತೆ ಗಾಳದ ನೈಲಾನ್ ದಾರದಿಂದ ಪೈಪಿಗೆ ಕಟ್ಟಿದ್ದೇನೆ.

ಇಲ್ಲಿ ಪೈಪಿನ ಅಳತೆಗೆ ಮಹತ್ವವಿದೆ. ಮೊದಲು ತಂದ 75 ಮಿ.ಮೀ. ಪೈಪಿನಲ್ಲಿ ಕಡ್ಡಿಯ ಎರಡೂ ಬದಿಗೆ ಸುಮಾರು 33 ಮಿ.ಮೀ. ಸಂದು ಉಳಿಯುತ್ತಿತ್ತು, 30 ಮಿ.ಮೀ. ಅಗಲದ ಮುಚ್ಚಳ ಅದರ ಮೂಲಕ ಸಲೀಸಾಗಿ ಜಾರಿ ನೆಲಕ್ಕೆ ಬೀಳುತ್ತಿತ್ತು. 63 ಮಿ.ಮೀ. ಪೈಪಿನಲ್ಲಿ ಸಂದು 27 ಮಿ.ಮೀ.ಗೆ ಇಳಿದು ಆ ತೊಂದರೆ ತಾನಾಗಿ ಪರಿಹಾರವಾಯಿತು.

ಪೈಪಿಗೆ ಕಲ್ಲಿನ ರೂಪ ಕೊಡಲು ಸಿಮೆಂಟಿಗೆ ಮುರಕಲ್ಲಿನ ಹುಡಿ ಬೆರೆಸಿ ಹಚ್ಚಿದ್ದು ಒಣಗಿದ ಮರುದಿನವೇ ಹಪ್ಪಳದಂತೆ ಎದ್ದುಬಂತು. ನುಣುಪಾದ ಪಿವಿಸಿಗೆ ಸಿಮೆಂಟು ಹಿಡಿಯುವುದಿಲ್ಲ. ಎರಡನೆಯ ಸಲ 80ನೇ ನಂಬರಿನ ಉಪ್ಪುಕಾಗದದಿಂದ ಮೇಲ್ಮೈಯನ್ನು ಚೆನ್ನಾಗಿ ಉಜ್ಜಿ ಒರಟು ಮಾಡಿ, ಎರಡು ಟ್ಯೂಬು ಬೆರೆಸುವ ಎಪಾಕ್ಸಿ ಅಂಟನ್ನು ತೆಳ್ಳಗೆ ಹಚ್ಚಿ, ಅದು ಹಸಿಯಿರುವಾಗಲೇ ಒಡೆದ ಕಲ್ಲಿನ ಹುಡಿಯನ್ನು ಕೈಯಿಂದ ಒತ್ತಿದೆ. ಅಂಟಿನೊಳಗೆ ಮುಳುಗಿದ ಹುಡಿ ಕಪ್ಪಾಗಿ ಹೊಳೆಯುತ್ತದೆ, ಆದ್ದರಿಂದ ಮೊದಲ ಪದರ ಅರ್ಧ ಗಟ್ಟಿಯಾದ ಮೇಲೆ ಇನ್ನೊಮ್ಮೆ ಒಣ ಹುಡಿಯನ್ನು, ಈ ಸಲ ಕಡಲೆಕಾಳಿನ ಗಾತ್ರದ ಚೂರುಗಳನ್ನೂ ಸೇರಿಸಿ, ಒತ್ತಬೇಕಾಯಿತು. ಮೂರು ಹೆಜ್ಜೆ ದೂರದಿಂದ ನೋಡಿದರೆ ಈಗ ಅದು ಪಾಗಾರದ ಒಡೆದ ಕಲ್ಲೇ. ಹುಳಿ ಮಜ್ಜಿಗೆ ಬಳಿದರೆ ಪಾಚಿ ಬೇಗ ಹಿಡಿದು ಹಳೆಯದರಂತೆ ಕಾಣುತ್ತದೆ ಎಂದು ಯಾರೋ ಹೇಳಿದ್ದನ್ನು ನಂಬಿ ಬಳಿದೆ. ಪಾಚಿಗಿಂತ ಮೊದಲು ಇರುವೆ ಬಂತು.

ಹಂತ 4: ಚೀಟಿ

ಮಾಮೂಲು ಕಾಗದ ಬೇಡವೆಂದು ಝೆರಾಕ್ಸ್ ಅಂಗಡಿಯಲ್ಲಿ ಸಿಗುವ, ಹರಿಯದ ಸಿಂಥೆಟಿಕ್ ಹಾಳೆಯ ಮೇಲೆ ಗೆರೆಗಳನ್ನು ಮುದ್ರಿಸಿಕೊಂಡೆ. ಒಂದು ಎ4 ಹಾಳೆಯಲ್ಲಿ 8 ಸೆಂ.ಮೀ. ಅಗಲದ ಎರಡು ಪಟ್ಟಿಗಳು ಬರುತ್ತವೆ. ಹೊಳಪಿನ ಹಾಳೆಯ ಮೇಲೆ ಪೆನ್ಸಿಲ್ ಹಿಡಿಯುವುದಿಲ್ಲ, ಹೊಳಪಿಲ್ಲದ ಹಾಳೆಯನ್ನೇ ಕೇಳಿ ಪಡೆಯಬೇಕು. ಜೆಲ್ ಪೆನ್ನಿನ ಅಕ್ಷರ ನೀರು ತಗಲಿದರೆ ಹೋಗುತ್ತದೆ, ಪೆನ್ಸಿಲಿನದು ಹೋಗುವುದಿಲ್ಲ. ಪೆನ್ಸಿಲನ್ನು 7 ಸೆಂ.ಮೀ.ಗೆ ಕತ್ತರಿಸಿ ಪಟ್ಟಿಯನ್ನು ಅದರ ಸುತ್ತಲೇ ಸುತ್ತಿದ್ದೇನೆ. ಪಟ್ಟಿಯ ಮೊದಲ ಗೆರೆಯಲ್ಲಿ ಕನ್ನಡ ಮತ್ತು ಇಂಗ್ಲಿಷಿನಲ್ಲಿ “ಇದು ಆಟದ ಡಬ್ಬಿ, ಅಪಾಯದ ವಸ್ತುವಲ್ಲ, ಜಾಗದ ಯಜಮಾನರ ಒಪ್ಪಿಗೆ ಇದೆ, ದಯವಿಟ್ಟು ಇದ್ದಲ್ಲೇ ಇಡಿ” ಎಂದಿದೆ. ಹೊರಮುಖವಾಗಿ ಸುತ್ತಿರುವುದರಿಂದ ಕೊಳವೆ ತೆರೆಯದೆಯೇ ಓದಬಹುದು.

ಹಂತ 5: ಅಕ್ಷಾಂಶ, ರೇಖಾಂಶ

ಸಾಮಾನ್ಯ ಸ್ಮಾರ್ಟ್‌ಫೋನು ತೆರೆದ ಬಾನಿನ ಕೆಳಗೆ ಸುಮಾರು 5 ಮೀಟರಿನೊಳಗೆ ಸ್ಥಾನ ಹೇಳುತ್ತದೆ. ಹಾಡಿಯ ಮರಗಳ ಕೆಳಗೆ, ಅದರಲ್ಲೂ ಎಲೆಗಳೆಲ್ಲ ನೆನೆದಿರುವಾಗ, ಆ ಮಾತು ನಡೆಯುವುದಿಲ್ಲ. ಈ ಆಟದಲ್ಲಿ ಡಿಗ್ರಿ ಮತ್ತು ದಶಮಾಂಶ ಮಿನಿಟುಗಳಲ್ಲಿ, ಮೂರು ದಶಮಾಂಶ ಸ್ಥಾನಗಳವರೆಗೆ ಬರೆಯುತ್ತಾರೆ. ನಮ್ಮ ಅಕ್ಷಾಂಶದಲ್ಲಿ 0.001 ಮಿನಿಟು ಎಂದರೆ ಉತ್ತರ ದಕ್ಷಿಣವಾಗಿ 1.85 ಮೀಟರ್, ಪೂರ್ವ ಪಶ್ಚಿಮವಾಗಿ 1.8 ಮೀಟರ್. ಪಾಗಾರದ ಮೇಲೆ ಫೋನಿಟ್ಟು ತೆಗೆದ ಮಾಪನಗಳಲ್ಲಿ ಕೊನೆಯ ಅಂಕಿ 6ರವರೆಗೆ ಹೆಚ್ಚುಕಡಿಮೆ ಆಗುತ್ತಿತ್ತು, ಅಂದರೆ 11 ಮೀಟರ್ ವ್ಯತ್ಯಾಸ. ಅಷ್ಟು ಉದ್ದದ ಪಾಗಾರದಲ್ಲಿ ಕಲ್ಲುಗಳು ನೂರಾರು ಇರುವಾಗ ಇದು ಹುಡುಕುವವರನ್ನು ಸತಾಯಿಸುವ ಅಂತರ.

ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತಿನಲ್ಲಿ, ಫೋನನ್ನು ಐದು ನಿಮಿಷ ಅಲುಗಿಸದೆ ಇಟ್ಟು ಅಂಕಿಗಳನ್ನು ಬರೆದುಕೊಂಡು, ಗುಂಪಿನಿಂದ ದೂರ ಬಿದ್ದವನ್ನು ತೆಗೆದುಹಾಕಿ, ಉಳಿದವುಗಳ ಸರಾಸರಿ ಹಿಡಿದೆ. ಬಳಿಕ ಆ ಸರಾಸರಿಯನ್ನೇ ಗುರಿಯಾಗಿಟ್ಟುಕೊಂಡು 30 ಮೀಟರ್ ದೂರದಿಂದ, ರಸ್ತೆಯ ಎರಡೂ ದಿಕ್ಕಿನಿಂದ ನಡೆದು ಬಂದು ನೋಡಿದೆ. ಎರಡೂ ಸಲ ಗೂಡಿನಿಂದ ನಾಲ್ಕು ಹೆಜ್ಜೆಯೊಳಗೆ ಬಂದು ನಿಂತೆ. ಅದಕ್ಕಿಂತ ಹೆಚ್ಚಿನ ಆಸೆ ಮರಗಳ ಕೆಳಗೆ ಬೇಡ.

ಹೊಸಬರು ಎಡವುವ ಜಾಗ ಇನ್ನೊಂದಿದೆ. ಫೋನಿನ ನಕ್ಷೆಗಳು ಸಾಮಾನ್ಯವಾಗಿ ದಶಮಾಂಶ ಡಿಗ್ರಿಯಲ್ಲಿ ತೋರಿಸುತ್ತವೆ. ಉದಾಹರಣೆಗೆ 13.36 ಡಿಗ್ರಿ ಎಂದರೆ 13 ಡಿಗ್ರಿ 21.600 ಮಿನಿಟು, ಅದನ್ನು 13 ಡಿಗ್ರಿ 36 ಮಿನಿಟು ಎಂದು ಬರೆದರೆ ಡಬ್ಬಿ 26 ಕಿಲೋಮೀಟರಿಗೂ ಹೆಚ್ಚು ಉತ್ತರಕ್ಕೆ, ಕುಂದಾಪುರದ ಕಡೆಗೆ ಹೋಗಿ ಕೂರುತ್ತದೆ.

ಹಂತ 6: ಸಲ್ಲಿಕೆ, ನಂತರದ ಮಳೆ (ಜೂನ್ ಕೊನೆಯಿಂದ ಆಗಸ್ಟ್)

ಪ್ರಕಟಣೆಗೆ ಮೊದಲು ಸ್ವಯಂಸೇವಕ ಪರಿಶೀಲಕರೊಬ್ಬರು ವಿವರಗಳನ್ನು ನೋಡುತ್ತಾರೆ. ಇನ್ನೊಂದು ಡಬ್ಬಿಯಿಂದ ಕನಿಷ್ಠ 161 ಮೀಟರ್, ಅಂದರೆ ಮೈಲಿನ ಹತ್ತನೇ ಒಂದು ಭಾಗ, ದೂರ ಇರಬೇಕೆಂಬ ನಿಯಮ ನಮ್ಮ ಕಡೆ ತೊಡಕಾಗುವಷ್ಟು ಡಬ್ಬಿಗಳು ಇಲ್ಲ. ನನ್ನನ್ನು ಕೇಳಿದ್ದು ಜಾಗದ ಒಪ್ಪಿಗೆಯ ಬಗ್ಗೆ. ಪ್ರವಾಸಕ್ಕೆ ಬಂದವರು ಇಟ್ಟು ಹೋಗಿಬಿಡುವ ಡಬ್ಬಿಗಳಿಗೆ ಒಪ್ಪಿಗೆ ಇಲ್ಲದಿರುವುದು ಒಳ್ಳೆಯದೇ. ಮಳೆಗಾಲದಲ್ಲಿ ನೋಡಿಕೊಳ್ಳುವವರಿಲ್ಲದ ಡಬ್ಬಿ ಬೇಸಗೆಯ ಹೊತ್ತಿಗೆ ಬರೀ ಕಸ. ಗಾತ್ರ 100 ಮಿ.ಲೀ.ಗಿಂತ ಕಡಿಮೆಯಾದುದರಿಂದ ಮೈಕ್ರೋ ಎಂದು ನಮೂದಿಸಿದೆ. ಹುಡುಕುವ ಕಷ್ಟಕ್ಕೆ 5ರಲ್ಲಿ 2.5 ಕೊಟ್ಟಿದ್ದೇನೆ. ದಾರಿಯ ಕಷ್ಟಕ್ಕೆ ಬೇಸಗೆಯಲ್ಲಾದರೆ 1.5 ಸಾಕು, ಪಾಚಿ ಹಿಡಿದ ಮುರಕಲ್ಲಿನ ಮೇಲೆ ಕಾಲು ಜಾರುವುದನ್ನು ನೋಡಿ 2ಕ್ಕೆ ಏರಿಸಿದೆ.

ಸುಳಿವಿನ ವಿಷಯದಲ್ಲಿ ಒಂದು ಚಿಕ್ಕ ತೊಡಕು ಎದುರಾಯಿತು. ಸುಳಿವನ್ನು ಓದುಗರು ಅಕಸ್ಮಾತ್ ನೋಡಿಬಿಡದಂತೆ ಪ್ರತಿ ರೋಮನ್ ಅಕ್ಷರವನ್ನು ಹದಿಮೂರು ಸ್ಥಾನ ಸರಿಸಿ ತೋರಿಸುವ ಪದ್ಧತಿ ಇದೆ. ಕನ್ನಡ ಅಕ್ಷರಗಳಿಗೆ ಅದು ಅನ್ವಯಿಸುವುದಿಲ್ಲ, ಹಾಗಾಗಿ ಕನ್ನಡದಲ್ಲಿ ಬರೆದ ಸುಳಿವು ಮುಚ್ಚುಮರೆಯಿಲ್ಲದೆ ಕಾಣುತ್ತದೆ. ಕೊನೆಗೆ ಕನ್ನಡದ ಮಾತನ್ನೇ ರೋಮನ್ ಲಿಪಿಯಲ್ಲಿ ಬರೆದೆ.

ಮೊದಲು ಹುಡುಕಿದವರು ಮಣಿಪಾಲದಲ್ಲಿ ಓದುವ ವಿದ್ಯಾರ್ಥಿಗಳ ಜೋಡಿ. ನಡು ಮಳೆಯಲ್ಲಿ, ಒಬ್ಬರು ಕೊಡೆ ಹಿಡಿದು ಇನ್ನೊಬ್ಬರು ಬರೆದ ಹಾಗಿದೆ. ಚೀಟಿಯ ಅಂಚಿನಲ್ಲಿ ಕೆಂಪು ಹೆಬ್ಬೆರಳಿನ ಗುರುತು ಉಳಿದಿದೆ, ಅಕ್ಷರಗಳು ಮಾತ್ರ ಸ್ಪಷ್ಟ. ಅದಾದ ಮೇಲೆ ಬಂದವರೊಬ್ಬರು ಸಿಗಲಿಲ್ಲವೆಂದು ಡಿಎನ್‌ಎಫ್ ದಾಖಲಿಸಿದರು. ಇಂಥ ದಾಖಲೆಯನ್ನು ಹಾಕಲು ನಮ್ಮವರು ಸಂಕೋಚಪಡುತ್ತಾರೆ, ಆದರೆ ಇಟ್ಟವನಿಗೆ ಅದರಷ್ಟು ಉಪಕಾರ ಬೇರೆಯದರಿಂದ ಆಗುವುದಿಲ್ಲ. ಹೋಗಿ ನೋಡಿದಾಗ ಡಬ್ಬಿ ಇದ್ದಲ್ಲೇ ಇತ್ತು, ಕಡ್ಡಿ ಮಾತ್ರ ಎಳೆದರೆ ಬರುತ್ತಿರಲಿಲ್ಲ. ಕುಂಬಾರ ಹುಳ ಕಡ್ಡಿಯ ತೂತಿನ ಸುತ್ತ ಮಣ್ಣಿನ ಗೂಡು ಕಟ್ಟಿ, ಕಡ್ಡಿಯನ್ನೂ ಪೈಪನ್ನೂ ಒಂದಾಗಿ ಗಾರೆ ಮಾಡಿಬಿಟ್ಟಿತ್ತು; ಗೂಡಿನ ಬಾಯಿ ನುಣ್ಣಗೆ ಮುಚ್ಚಿದ್ದು ಒಳ್ಳೆಯ ಗಾರೆಯವನ ಕೆಲಸದಷ್ಟು ಚೊಕ್ಕವಾಗಿತ್ತು. ಬಂದವರು ಪೈಪನ್ನು ಕೈಯಲ್ಲಿ ಹಿಡಿದು ನೋಡಿ, ಕಲ್ಲಿನ ತುಂಡೆಂದೇ ತಿಳಿದು ಹಿಂದಿಟ್ಟಿರಬೇಕು.

ಖರ್ಚು

63 ಮಿ.ಮೀ. ಪೈಪಿನ ತುಂಡು 70 ರೂ., ಎಂಡ್ ಕ್ಯಾಪ್ 40 ರೂ., ಪ್ರಿಫಾರ್ಮ್‌ಗಳು 60 ರೂ., ಎಪಾಕ್ಸಿ 140 ರೂ., ಹಾಳೆ ಮತ್ತು ಮುದ್ರಣ 40 ರೂ., ಸ್ಟೈನ್‌ಲೆಸ್ ಕಡ್ಡಿ 35 ರೂ., ಪೆನ್ಸಿಲ್ 5 ರೂ.; ಒಟ್ಟು 390 ರೂಪಾಯಿ. ಕಲ್ಲಿಗೆ ಬಲಿಯಾದ ಬಿಟ್ 120 ರೂಪಾಯಿಯದು, ಅದನ್ನು ಸೇರಿಸಿದರೆ 510. ಸಾಲ್ವೆಂಟ್, ನೈಲಾನ್ ದಾರ, ಉಪ್ಪುಕಾಗದ ಮನೆಯಲ್ಲೇ ಇದ್ದವು. 75 ಮಿ.ಮೀ. ಪೈಪಿನ ತುಂಡನ್ನು ಅಂಗಡಿಯವರು ಹಿಂದಕ್ಕೆ ತೆಗೆದುಕೊಂಡರು.

ಉಳಿದಿರುವ ಕೆಲಸ

ಕುಂಬಾರ ಹುಳದ ಗೂಡನ್ನು ಮರಿ ಹೊರಬಂದ ಮೇಲೆಯೇ ತೆಗೆಯುವುದೆಂದು ಬಿಟ್ಟು, ಸದ್ಯಕ್ಕೆ ಎದುರು ಬದಿಯಿಂದ ತೂತನ್ನು ಸ್ವಲ್ಪ ದೊಡ್ಡದು ಮಾಡಿ ಕಡ್ಡಿ ಆಚೆಯಿಂದ ಹೊರಡುವಂತೆ ಮಾಡಿದ್ದೇನೆ. ಕಡ್ಡಿಯ ತುದಿಯನ್ನು ಉಂಗುರದಂತೆ ಬಗ್ಗಿಸಿದರೆ ಹುಡುಕುವವರಿಗೆ ಎಳೆಯುವ ಭಾಗ ಕಾಣುತ್ತದೆ, ಕಷ್ಟದ ಅಂಕಿಯನ್ನು ಆಗ 2ಕ್ಕೆ ಇಳಿಸಬೇಕಾಗುತ್ತದೆ. ದೊಡ್ಡಮ್ಮ ಈ ಬೇಸಗೆಯಲ್ಲಿ ಪಾಗಾರದ ಬಿದ್ದ ಕಲ್ಲುಗಳನ್ನು ಕಟ್ಟಿಸುವ ಮಾತಾಡುತ್ತಿದ್ದಾರೆ. ಡಬ್ಬಿ ಇರುವ ಗೂಡೊಂದನ್ನು ಹಾಗೆಯೇ ಬಿಡಲು ಕೆಲಸದವರಿಗೆ ಮೊದಲೇ ಹೇಳಿ, ಗುರುತಿಗೆ ಸುಣ್ಣದ ಗೆರೆ ಎಳೆಯದೆ ಬರಬೇಕು.